ರಬ್ಬರ್ ನಿಪ್ಪಲ್ ಮತ್ತು ಮಗುವಿನ ಆರೋಗ್ಯ



ಸೋಯಾಬೀನ್ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಸವರುತ್ತೇವೆ. ಅದು ಬೀಜವನ್ನು ಬೂಷ್ಟಿನಿಂದ ಕಾಯುತ್ತದೆ. ಆದರೆ ಆ ಬೀಜವನ್ನು ಯಾರೂ ಅಡಿಗೆಗೆ ಹಾಕುವುದಿಲ್ಲ. 'ರೋಗಾಣುನಾಶಕ' ಎಂದು ಮಾರುವ ರಬ್ಬರ್ ಸಾಮಾನುಗಳನ್ನು ಕೊಳ್ಳುವಾಗಲೂ ಈ ಮಾತು ನೆನಪಿರಲಿ.

ರಬ್ಬರ್ ಹುಟ್ಟುವುದು ಹಾಲಿನ ರೂಪದಲ್ಲಿ. ಸುಳ್ಯ, ಕಾಸರಗೋಡು ಕಡೆಯ ತೋಟಗಳಲ್ಲಿ ಮರದ ತೊಗಟೆ ಗೀರಿ ಅದನ್ನು ಇಳಿಸುತ್ತಾರೆ. ಹಾಗೆಯೇ ಬಿಟ್ಟರೆ ಸೂಕ್ಷ್ಮಾಣುಗಳು ಬೆಳೆದು, ಎಮ್ಮೆಯ ಹಾಲಿನಂತೆ ಅದೂ ಹುಳಿಯಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಹಾಲಾಗಿಯೇ ಕಾರ್ಖಾನೆಗೆ ಕಳಿಸಬೇಕಾದರೆ ಅಮೋನಿಯಾ ಬೆರೆಸುತ್ತಾರೆ. ಮುಂದೆ ಗಂಧಕ ಮೊದಲಾದವನ್ನು ಸೇರಿಸಿ ಕಾಯಿಸಿದಾಗ ಬಾಳಿಕೆಯ ರಬ್ಬರ್ ಆಗುತ್ತದೆ.

ಈ ಹಂತದಲ್ಲಿ ಬೆಳ್ಳಿ ಅಥವಾ ಸತುವಿನ ಸಂಯುಕ್ತಗಳನ್ನು ಬೆರೆಸಿ ರೋಗಾಣುನಾಶಕ ರಬ್ಬರನ್ನು ತಯಾರಿಸಬಹುದು. ಬೆಳ್ಳಿಯ ಅಂಶ ಮೆಲ್ಲಮೆಲ್ಲಗೆ ಮೇಲೆ ಬಂದು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ತೊಡಕಿರುವುದೂ ಇಲ್ಲಿಯೇ. ಹೊರಬರದಿದ್ದರೆ ಅದು ಕೆಲಸ ಮಾಡದು. ಹೆಚ್ಚು ಹೊರಬಂದರೆ ನಮ್ಮ ಚರ್ಮಕ್ಕೋ ಬಾಯಿಗೋ ಸೇರುತ್ತದೆ. ಆದುದರಿಂದ ಎಷ್ಟು ಬೆರೆಸಿದೆ ಎಂಬುದರ ಜೊತೆಗೆ ಎಷ್ಟು ಹೊರಬರುತ್ತದೆ ಎಂಬುದನ್ನೂ ಪರೀಕ್ಷಿಸಬೇಕು. ಸಾದಾ ರಬ್ಬರಿಗೂ ಇದು ಸಲ್ಲುತ್ತದೆ. ರಬ್ಬರ್ ತಯಾರಿಕೆಯಲ್ಲಿ ಹುಟ್ಟಬಹುದಾದ ನೈಟ್ರೊಸಮೀನ್ ಎಂಬ ವಸ್ತುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಅದಕ್ಕೇ ಯುರೋಪಿನ ದೇಶಗಳು 1993ರಲ್ಲಿ, ಒಂದು ಕಿಲೋ ನಿಪ್ಪಲ್ ರಬ್ಬರಿನಿಂದ 0.01 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೊಸಮೀನ್ ಹೊರಬರಬಾರದೆಂದು ನಿಯಮ ಮಾಡಿದವು.

ಚಪ್ಪಲಿಗೆ, ಗಮ್‌ಬೂಟಿಗೆ ಇಂಥ ರಬ್ಬರ್ ಇದ್ದರೆ ದುರ್ವಾಸನೆ, ಬೂಷ್ಟು ಕಡಿಮೆಯಾದೀತು. ಅಲ್ಲಿ ಔಷಧಿ ಕಾಯುವುದು ಸಾಮಾನನ್ನು. ಕೊಳೆಯ ಪದರ ಕೂತರೆ ಔಷಧಿ ಮೇಲಿನ ರೋಗಾಣುಗಳನ್ನು ಮುಟ್ಟುವುದೂ ಇಲ್ಲ. ಬಾಟಲಿಯ ನಿಪ್ಪಲ್ಲಿನ ಬಿರುಕಿನಲ್ಲಿ ಹಾಲಿನ ಕಣ ಉಳಿದರೆ, ಪೊಟ್ಟಣದ ಮೇಲಿನ ಬರಹ ಮಗುವಿನ ಭೇದಿಯನ್ನು ತಡೆಯಲಾರದು. ಕೂಸಿಗೆ ಭೇದಿಯಾದರೆ ಮೈಯ ನೀರೆಲ್ಲ ಬೇಗ ಹೋಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಮಾಕಣಿ ಕಡೆಯ ನಮ್ಮ ತಾಯಂದಿರು ರಾಶಿಯ ದಿನಗಳಲ್ಲಿ ಕೂಸನ್ನು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋಗಬೇಕಾಗುತ್ತದೆ. ಅವರೂ ಮನೆಯಲ್ಲಿರುವ ಅಜ್ಜಿಯರೂ ಇಷ್ಟನ್ನು ಗಮನಿಸಲಿ:

1. ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು. ಹಿಂಡಿಟ್ಟ ಹಾಲನ್ನು ಶುದ್ಧವಾದ ಸ್ಟೀಲ್ ವಾಟಿ, ಚಮಚದಿಂದ ಕುಡಿಸಿರಿ. ಇವನ್ನು ತೊಳೆಯುವುದು ಬಾಟಲಿಗಿಂತ ಸುಲಭ. ಬಿಸಿಲಿನಲ್ಲಿ ಹಾಲನ್ನು ಬಹಳ ಹೊತ್ತು ಇಡಬೇಡಿರಿ.

2. ಬಾಟಲಿ ಅನಿವಾರ್ಯವಾದರೆ ಪ್ರತಿ ಸಲವೂ ಬಿಚ್ಚಿ, ನಿಪ್ಪಲ್ಲನ್ನು ಒಳಹೊರಗೆ ಸೋಪಿನಿಂದ ತೊಳೆದು, ನೀರಿನಲ್ಲಿ ಮುಳುಗಿಸಿ 5 ನಿಮಿಷ ಕುದಿಸಿರಿ.

3. ಬಿರುಕುಬಿಟ್ಟ, ಅಂಟಂಟಾದ, ಉಬ್ಬಿದ ನಿಪ್ಪಲ್ಲನ್ನು ಎಸೆಯಿರಿ. ಹಣ ಉಳಿಸುವ ಜಾಗ ಇದಲ್ಲ.

4. ಭೇದಿ ಕಂಡರೆ ಎದೆಹಾಲು ನಿಲ್ಲಿಸದೆ, ಓಆರ್‌ಎಸ್ ಕುಡಿಸುತ್ತ, ಕೂಡಲೇ ದವಾಖಾನೆಗೆ ಕರೆದೊಯ್ಯಿರಿ.

ಔಷಧಿ ಸವರಿದ ಬೀಜವೂ ಹದ ಮಾಡಿದ ಹೊಲವನ್ನೇ ಬೇಡುತ್ತದೆ. ಹಾಗೆಯೇ ಎಂಥ ರಬ್ಬರ್ ಬಂದರೂ ಸೋಪು, ಕುದಿಯುವ ನೀರು, ತೊಳೆದ ಕೈ ಇವುಗಳ ಕೆಲಸ ಮುಗಿಯುವುದಿಲ್ಲ.