ಬ್ಯಾಟರಿ ಸೈಕಲ್ಲಿನ ಭಾರ ಬೆನ್ನಿಗೆ ಹೊರೆಯೇ?

ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ 52 ವರ್ಷದ ಬ್ಯಾಂಕ್ ನೌಕರರೊಬ್ಬರು ಸೊಂಟ ಹಿಡಿದುಕೊಂಡು, ಮಗನ ಹೆಗಲ ಮೇಲೆ ಕೈಯೂರಿ ನನ್ನ ಕ್ಲಿನಿಕ್ಕಿಗೆ ಬಂದರು. ಅವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ನಡಿಗೆ ಆಗದು ಎನ್ನುತ್ತಿದ್ದ ಅವರಿಗೆ ಸೈಕಲ್ ತುಳಿಯಿರಿ ಎಂದು ಸಲಹೆ ಕೊಟ್ಟವನು ನಾನೇ. ಅವರು ದಪ್ಪ ಟೈರಿನ, ಬೆಟ್ಟ ಹತ್ತುವ ಮಾದರಿಯ ಬ್ಯಾಟರಿ ಸೈಕಲ್ಲನ್ನೇ ಕೊಂಡಿದ್ದರು.

"ಎರಡು ತಿಂಗಳು ಚೆನ್ನಾಗಿತ್ತು ಡಾಕ್ಟ್ರೇ, ಸಕ್ಕರೆ ಕೂಡ ಇಳಿದಿತ್ತು. ನಿನ್ನೆ ಮೂರನೇ ಮಹಡಿಗೆ ಎತ್ತಿಕೊಂಡು ಹೋಗುವಾಗ ಮೆಟ್ಟಿಲಿನ ತಿರುವಿನಲ್ಲಿ ಸೊಂಟ ಚಳಕ್ ಅಂತು. ಇಷ್ಟು ಭಾರದ್ದು ತಗೊಂಡಿದ್ದೇ ತಪ್ಪಾಯ್ತು. ಮಾರಿಬಿಡ್ತೀನಿ" ಎಂದರು.

ಸೈಕಲ್ ತುಳಿಯಿರಿ ಎಂದ ನಾನು, ಮನೆ ಎಷ್ಟನೇ ಮಹಡಿಯಲ್ಲಿದೆ, ಸೈಕಲ್ಲನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿರಲಿಲ್ಲ. ಆ ಲೋಪ ನನ್ನದು. ಇಂತಹ ಸೈಕಲ್ಲು ಕೊಳ್ಳಲು ಯೋಚಿಸುತ್ತಿರುವವರು ನಿಮ್ಮಲ್ಲೂ ಇರಬಹುದು. ಅದಕ್ಕಾಗಿ ಈ ವಾರ ಅದರ ಭಾರದ ವಿಚಾರ.

ಭಾರ ಎಷ್ಟು?

ಮೋಟಾರಿಲ್ಲದ ಸಾಧಾರಣ ಮೌಂಟೇನ್ ಸೈಕಲ್ಲು 12ರಿಂದ 15 ಕಿಲೋ ತೂಗುತ್ತದೆ. ಮೋಟಾರು, ಬ್ಯಾಟರಿ, ಅವನ್ನು ಹೊರಲು ಗಟ್ಟಿಮಾಡಿದ ಚೌಕಟ್ಟು, ದಪ್ಪ ಟೈರು ಸೇರಿದರೆ ತೂಕ 20ರಿಂದ 25 ಕಿಲೋ ಆಗುತ್ತದೆ. ಇದರಲ್ಲಿ ಬ್ಯಾಟರಿಯದೇ 2ರಿಂದ 4 ಕಿಲೋ. ಚಿಕ್ಕ ಮೋಟಾರು, ಚಿಕ್ಕ ಬ್ಯಾಟರಿ, ಕಾರ್ಬನ್ ಚೌಕಟ್ಟು ಹಾಕಿ 16ರಿಂದ 19 ಕಿಲೋಗೆ ಇಳಿಸಿದ ಮಾದರಿಗಳೂ ಇವೆ. ಅವುಗಳ ಬೆಲೆ ಮಾತ್ರ ಹಲವು ಲಕ್ಷ ರೂಪಾಯಿ.

ಈ ತೂಕ ನಮಗೆ ಹೊಸದೇನಲ್ಲ. ನಮ್ಮ ತಂದೆಯವರ ಕಾಲದ ಕಪ್ಪು ಸೈಕಲ್ಲೂ ಹೆಚ್ಚು ಕಡಿಮೆ 20 ಕಿಲೋ ಇತ್ತು. ಹಾಲಿನವರು ಅದಕ್ಕೆ ಎರಡು ಕ್ಯಾನು ಕಟ್ಟಿಕೊಂಡು ಊರೆಲ್ಲ ಸುತ್ತುತ್ತಿದ್ದರು. ಆದರೆ ಅವರು ಅದನ್ನು ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುತ್ತಿರಲಿಲ್ಲ, ಗೇಟಿನ ಬಳಿ ನಿಲ್ಲಿಸಿ ಗಂಟೆ ಬಾರಿಸುತ್ತಿದ್ದರು.

ತುಳಿಯುವಾಗ

ಮೋಟಾರು ಕೆಲಸ ಮಾಡುತ್ತಿರುವಾಗ ಈ ಹೆಚ್ಚುವರಿ ಭಾರ ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಸಣ್ಣ ಲೆಕ್ಕ ನೋಡೋಣ. 500 ಮೀಟರ್ ಎತ್ತರದ ಬೆಟ್ಟಕ್ಕೆ 10 ಕಿಲೋ ಹೆಚ್ಚಿನ ಭಾರವನ್ನು ಒಯ್ಯಲು ಬೇಕಾಗುವ ಶಕ್ತಿ ಸುಮಾರು 14 ವ್ಯಾಟ್-ಗಂಟೆ. ಮೋಟಾರಿನಲ್ಲಿ ಪೋಲಾಗುವುದನ್ನು ಸೇರಿಸಿದರೂ 20ರೊಳಗೇ ಮುಗಿಯುತ್ತದೆ. 500 ವ್ಯಾಟ್-ಗಂಟೆಯ ಬ್ಯಾಟರಿಗೆ ಅದು ನೂರರಲ್ಲಿ ನಾಲ್ಕು ಪಾಲು ಮಾತ್ರ. ಸಮತಟ್ಟಾದ ರಸ್ತೆಯಲ್ಲಂತೂ ಭಾರ ಇನ್ನೂ ಕಡಿಮೆ ಕಾಡುತ್ತದೆ.

ಬ್ಯಾಟರಿ ಖಾಲಿಯಾದಾಗ ಮಾತು ಬೇರೆ. 70 ಕಿಲೋ ತೂಗುವವರು 14 ಕಿಲೋ ಸೈಕಲ್ಲಿನಲ್ಲಿ ಒಂದು ಗಂಟೆಯಲ್ಲಿ ಹತ್ತುವ ಏರನ್ನು, ಅಷ್ಟೇ ಶ್ರಮದಿಂದ 24 ಕಿಲೋ ಸೈಕಲ್ಲಿನಲ್ಲಿ ಹತ್ತಲು ಸುಮಾರು 67 ನಿಮಿಷ ಬೇಕು. ಆರೋಗ್ಯವಂತರಿಗೆ ಇದು ಕಷ್ಟವಲ್ಲ. ಆದರೆ ಹೃದಯದ ತೊಂದರೆಯಿದ್ದು ಮೋಟಾರನ್ನೇ ನಂಬಿ ದೂರ ಹೋದವರು ನಡುದಾರಿಯಲ್ಲಿ ಸಿಕ್ಕಿಬೀಳಬಾರದು. ಅರ್ಧ ಬ್ಯಾಟರಿ ಮುಗಿಯುವ ಮುನ್ನವೇ ಮನೆಯ ಕಡೆ ತಿರುಗುವುದು ಒಳ್ಳೆಯ ಅಭ್ಯಾಸ.

"ಮೋಟಾರೇ ತಳ್ಳಿದರೆ ವ್ಯಾಯಾಮ ಎಲ್ಲಿ ಬಂತು?" ಎಂದು ಕೆಲವರು ಕೇಳುತ್ತಾರೆ. ಪೆಡಲ್ ತುಳಿದರೆ ಮಾತ್ರ ಮೋಟಾರು ನೆರವಾಗುವ ಸೈಕಲ್ಲಿನಲ್ಲಿ ನಿಮ್ಮ ಕಾಲುಗಳಿಗೂ ಹೃದಯಕ್ಕೂ ಕೆಲಸ ಇದ್ದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕು. ತುಳಿಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮೋಟಾರಿನ ನೆರವನ್ನು ಆ ಮಟ್ಟಕ್ಕೆ ಇಟ್ಟುಕೊಳ್ಳಿ. ಏರಿನಲ್ಲಿ ಮಂಡಿಯ ಮೇಲೆ ಬೀಳುವ ಒತ್ತಡವೂ ಕಡಿಮೆಯಾಗುತ್ತದೆ. ಪೆಡಲ್ ಮುಟ್ಟದೆ ಬರೀ ಹಿಡಿ ತಿರುಗಿಸಿ ಓಡಿಸಿದರೆ ಮಾತ್ರ ಅದು ಸ್ಕೂಟರ್ ಸವಾರಿಯೇ ಸರಿ.

ಇಳಿಯುವಾಗ, ನಿಲ್ಲಿಸುವಾಗ

1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವು ಯುವಕರು ಹಳೆಯ, ಭಾರವಾದ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸುವ ಪಂದ್ಯ ಆರಂಭಿಸಿದರು. ಮೌಂಟೇನ್ ಸೈಕಲ್ಲು ಬೆಳೆದುಬಂದದ್ದೇ ಇಂತಹ ಆಟದಿಂದ. ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದ ಕಾರಣ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದೇ ಹೆಸರಾಯಿತು.

ಇಂದಿನ ಡಿಸ್ಕ್ ಬ್ರೇಕುಗಳು ಎಷ್ಟೋ ಮೇಲು. ಆದರೂ 10 ಕಿಲೋ ಹೆಚ್ಚಾದರೆ, ಅದೇ ವೇಗದಲ್ಲಿ ಬ್ರೇಕು ತಡೆಯಬೇಕಾದ ಶಕ್ತಿ ಸುಮಾರು ನೂರಕ್ಕೆ 12 ಹೆಚ್ಚುತ್ತದೆ. ಉದ್ದನೆಯ ಇಳಿಜಾರಿನಲ್ಲಿ, ಮಳೆಗಾಲದಲ್ಲಿ ಇದನ್ನು ನೆನಪಿಡಿ. ಇಳಿಯತೊಡಗಿದಾಗಲೇ ವೇಗ ತಗ್ಗಿಸಿ. ಎರಡೂ ಬ್ರೇಕುಗಳನ್ನು ಬಳಸಿ.

ನಾನು ಹೆಚ್ಚು ಎಚ್ಚರಿಸುವುದು ಸೈಕಲ್ಲು ನಿಂತ ಕ್ಷಣದ ಬಗ್ಗೆ. 24 ಕಿಲೋ ಸೈಕಲ್ಲು ಒಂದು ಕಡೆ ವಾಲಿದರೆ ಅದನ್ನು ಒಂದು ಕಾಲಿನಲ್ಲಿ ತಡೆಯುವುದು ಸುಲಭವಲ್ಲ. ಪಾದ ಹೊರಳುತ್ತದೆ ಅಥವಾ ಕೈಯೂರಿ ಬಿದ್ದು ಮಣಿಕಟ್ಟು ಮುರಿಯುತ್ತದೆ. ಮೂಳೆ ಸವೆತವಿರುವ, ಮುಟ್ಟು ನಿಂತ ಮಹಿಳೆಯರಿಗೆ ಈ ಅಪಾಯ ಹೆಚ್ಚು. ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಳ್ಳಿ. ಎತ್ತರ ಕಡಿಮೆಯಿರುವವರು ನಡುವಿನ ಅಡ್ಡಕೊಳವೆ ತಗ್ಗಾಗಿರುವ ಮಾದರಿಯನ್ನು ಆರಿಸಿ.

ಎತ್ತುವಾಗ

ಭಾರ ನಿಜವಾಗಿ ಕಾಡುವುದು ಇಲ್ಲಿ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯೊಂದು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗಲೂ ಎತ್ತುವ ಭಾರ 23 ಕಿಲೋ ದಾಟಬಾರದು. ಅನುಕೂಲ ಎಂದರೆ ವಸ್ತು ಮೈಗೆ ಹತ್ತಿರವಿರಬೇಕು, ಹಿಡಿತ ಚೆನ್ನಾಗಿರಬೇಕು, ಸೊಂಟ ತಿರುಚಬಾರದು. ವಸ್ತು ಅರ್ಧ ಮೀಟರ್ ದೂರ ಸರಿದರೆ ಈ ಮಿತಿ ಅರ್ಧಕ್ಕೆ, ಅಂದರೆ ಸುಮಾರು 11 ಕಿಲೋಗೆ ಇಳಿಯುತ್ತದೆ.

ಕಾರಣ ಸರಳ. ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಭಾರ 50 ಸೆಂಟಿಮೀಟರ್ ಮುಂದಿದ್ದರೆ ಸ್ನಾಯುಗಳು ಅದರ ಹತ್ತು ಪಟ್ಟು ಬಲದಿಂದ ಎಳೆಯಬೇಕು. ಶಾಲೆಯಲ್ಲಿ ಓದಿದ ಸನ್ನೆಗೋಲಿನ ಪಾಠವೇ ಇದು. 20 ಕಿಲೋ ಎತ್ತಿದಾಗ ಸೊಂಟದ ಸ್ನಾಯುಗಳಿಗೆ ಬೀಳುವುದು 200 ಕಿಲೋದಷ್ಟು ಎಳೆತ. ಜೊತೆಗೆ ಮೈ ತಿರುಚಿದರೆ ಮೂಳೆಗಳ ನಡುವಿನ ಮೆತ್ತೆಗೆ, ಅಂದರೆ ಡಿಸ್ಕಿಗೆ, ಪೆಟ್ಟಾಗಬಹುದು. ಸೈಕಲ್ಲಿಗೆ ಮೂಟೆಯಂತೆ ಅಪ್ಪಿ ಹಿಡಿಯುವ ಆಕಾರವಿಲ್ಲ. ಹ್ಯಾಂಡಲ್ ತಿರುಗುತ್ತದೆ, ಪೆಡಲ್ ಮೊಣಕಾಲಿಗೆ ತಾಗುತ್ತದೆ. ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ ನಮ್ಮ ಬ್ಯಾಂಕ್ ನೌಕರರಿಗೆ ಆದದ್ದು ಇದೇ.

ಎತ್ತಲೇಬೇಕಾದರೆ ಈ ಸೂಚನೆಗಳನ್ನು ಪಾಲಿಸಿ:

1. ಮೊದಲು ಬ್ಯಾಟರಿ ಬಿಚ್ಚಿ, ಅದನ್ನು ಬೇರೆಯಾಗಿ ಒಯ್ಯಿರಿ. ಚೀಲ, ಬೀಗಗಳನ್ನೂ ತೆಗೆಯಿರಿ.

2. ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಸೈಕಲ್ಲನ್ನು ಮೈಗೆ ಒತ್ತಿಕೊಂಡು ಏಳಿ. ತಿರುಗಬೇಕಾದರೆ ಪಾದ ಸರಿಸಿ ತಿರುಗಿ.

3. ಉಸಿರು ಬಿಗಿಹಿಡಿಯಬೇಡಿ. ಹಾಗೆ ಮುಕ್ಕರಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ. ಎತ್ತುವಾಗ ಉಸಿರು ಹೊರಬಿಡಿ.

4. ಕಾರಿನ ಮೇಲೆ ಏರಿಸುವಾಗ ಇನ್ನೊಬ್ಬರನ್ನು ಕರೆಯಿರಿ. ಕಾರಿನ ಮೇಲ್ಛಾವಣಿಗಿಂತ ಹಿಂಬದಿಗೆ ಕಟ್ಟುವ ಸ್ಟ್ಯಾಂಡು ವಾಸಿ.

5. ಕೆಲವು ಸೈಕಲ್ಲುಗಳಲ್ಲಿ ನಡೆಯುವ ವೇಗದಲ್ಲಿ ತಾನೇ ಚಲಿಸುವ ಗುಂಡಿ ಇರುತ್ತದೆ. ಇಳಿಜಾರಿನ ಹಲಗೆಯ ಮೇಲೆ ತಳ್ಳಲು ಅದನ್ನು ಬಳಸಿ.

ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಹಿಂದೆ ಡಿಸ್ಕ್ ಜಾರಿದವರು, ಹತೋಟಿಯಲ್ಲಿಲ್ಲದ ರಕ್ತದೊತ್ತಡವಿರುವವರು, ಹೃದ್ರೋಗಿಗಳು ಮತ್ತು ಗರ್ಭಿಣಿಯರು ಇದನ್ನು ಎತ್ತುವ ಗೋಜಿಗೇ ಹೋಗಬಾರದು.

ಬೆನ್ನು ಹಿಡಿದುಕೊಂಡರೆ

ವಾರಗಟ್ಟಲೆ ಹಾಸಿಗೆ ಹಿಡಿಯಬೇಡಿ. ನೋವು ತೀರಾ ಹೆಚ್ಚಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ನಿಧಾನವಾಗಿ ಓಡಾಡಿ. ಬಿಸಿ ಶಾಖ ಕೊಡಬಹುದು. ಮೂತ್ರಪಿಂಡ, ಹೊಟ್ಟೆಹುಣ್ಣು ಅಥವಾ ಸಕ್ಕರೆ ಕಾಯಿಲೆ ಇರುವವರು ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ನೋವು ಕಾಲಿನುದ್ದಕ್ಕೂ ಇಳಿದರೆ ವೈದ್ಯರಿಗೆ ತೋರಿಸಿ. ಕಾಲು ಸೋತರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಆಸ್ಪತ್ರೆಗೆ ಧಾವಿಸಿ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ತುಳಿದು ನೋಡಿದರೆ ಸಾಲದು. ಮುಂದಿನ ಚಕ್ರ, ಹಿಂದಿನ ಚಕ್ರ ಎತ್ತಿ ನೋಡಿ. ಮೋಟಾರು ಆರಿಸಿ ನೂರು ಮೀಟರ್ ತುಳಿಯಿರಿ. ಬ್ಯಾಟರಿ ಬಿಚ್ಚಲು ಬರುತ್ತದೆಯೇ ಎಂದು ವಿಚಾರಿಸಿ. ನೆಲಮಹಡಿಯಲ್ಲಿ ನಿಲ್ಲಿಸಲು ಜಾಗವಿದ್ದರೆ 25 ಕಿಲೋ ಇದ್ದರೂ ಚಿಂತೆಯಿಲ್ಲ. ಹಗುರ ಮಾದರಿಗೆ ಲಕ್ಷ ಸುರಿಯುವ ಬದಲು ಒಂದು ಗಟ್ಟಿ ಬೀಗಕ್ಕೆ ಖರ್ಚು ಮಾಡಿ. ದಿನವೂ ಮೆಟ್ಟಿಲು ಹತ್ತಿಸಲೇಬೇಕಾದವರಿಗೆ ಮಾತ್ರ ಪ್ರತಿ ಕಿಲೋ ಮುಖ್ಯ. ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡುವಾಗ ಬಾಗಿಲ ದಾರಿಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಇಡಬೇಡಿ. ಅದರದೇ ಚಾರ್ಜರ್ ಬಳಸಿ.

ನಮ್ಮ ಬ್ಯಾಂಕ್ ನೌಕರರಿಗೆ ಆದದ್ದು ಸ್ನಾಯುವಿನ ಉಳುಕು. ಮೂರು ವಾರದಲ್ಲಿ ಗುಣವಾಯಿತು. ಸೈಕಲ್ಲು ಮಾರಲು ನಾನು ಬಿಡಲಿಲ್ಲ. ನೆಲಮಹಡಿಯ ಮನೆಯವರನ್ನು ಕೇಳಿ ಮೆಟ್ಟಿಲ ಕೆಳಗಿನ ಜಾಗ ಪಡೆದು, ಕಂಬಿಗೆ ಸರಪಳಿ ಹಾಕಿ ನಿಲ್ಲಿಸುತ್ತಾರೆ. ಬ್ಯಾಟರಿಯನ್ನು ಮಾತ್ರ ಕೈಚೀಲದಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಮೊನ್ನೆ ಸಕ್ಕರೆ ಪರೀಕ್ಷೆಗೆ ಬಂದವರು ಸೈಕಲ್ಲಿನಲ್ಲೇ ಬಂದಿದ್ದರು.