ಬಾಕಿ ವೇತನದಿಂದ ಒಡೆತನಕ್ಕೆ: ಐಸ್ ಹಾಕಿ ಆಟಗಾರ ಮಾರಿಯೋ ಲೆಮ್ಯೂ ಕಲಿಸುವ ವ್ಯವಹಾರ ಪಾಠ

ಉದ್ಯಮ ಸಂಸ್ಥೆಯೊಂದು ದಿವಾಳಿಯಾದಾಗ ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸ್ಥಿತಿ ಏನಾಗುತ್ತದೆ ಎಂಬುದು ವರ್ತಕರಿಗೆ ತಿಳಿಯದ ವಿಷಯವಲ್ಲ. ಅಡಮಾನ ಪಡೆದವರ ಪಾಲು ಸಂದಾಯವಾದ ನಂತರ ಉಳಿದವರಿಗೆ ದೊರೆಯುವುದು ಅತ್ಯಲ್ಪ. ಇಂತಹ ಸಂದರ್ಭದಲ್ಲಿ ತನಗೆ ಬರಬೇಕಾದ ಬಾಕಿಯನ್ನೇ ಬಂಡವಾಳವಾಗಿಸಿ ಸಂಸ್ಥೆಯನ್ನು ಉಳಿಸಿಕೊಂಡವರು ಕೆನಡಾ ಮೂಲದ ಐಸ್ ಹಾಕಿ ಆಟಗಾರ ಮಾರಿಯೋ ಲೆಮ್ಯೂ. ಅವರ ವೃತ್ತಿಜೀವನವು ಕ್ರೀಡಾಸಕ್ತರಿಗಷ್ಟೇ ಅಲ್ಲ, ವ್ಯವಹಾರಸ್ಥರಿಗೂ ಅಧ್ಯಯನಯೋಗ್ಯವಾಗಿದೆ.

ಆಟಗಾರನಾಗಿ

1965ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಜನಿಸಿದ ಲೆಮ್ಯೂ ಅವರನ್ನು 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡವು ಆಟಗಾರರ ಆಯ್ಕೆಯಲ್ಲಿ ಪ್ರಥಮ ಸ್ಥಾನ ನೀಡಿ ಸೇರಿಸಿಕೊಂಡಿತು. ಹಿಂದಿನ ಋತುವಿನಲ್ಲಿ ನ್ಯಾಷನಲ್ ಹಾಕಿ ಲೀಗಿನ ತಳದಲ್ಲಿದ್ದ ತಂಡವದು. ಗೋಲು ಗಳಿಸುವ ಹೊಣೆ ಹೊತ್ತ ಫಾರ್ವರ್ಡ್ ಆಟಗಾರರಾದ ಅವರು ಮೊದಲ ಪಂದ್ಯದ ಮೊದಲ ಹೊಡೆತದಲ್ಲಿಯೇ ಗೋಲು ಗಳಿಸಿದರು. 1991 ಮತ್ತು 1992ರಲ್ಲಿ ತಂಡವು ಸ್ಟ್ಯಾನ್ಲಿ ಕಪ್ ಗೆದ್ದಿತು.

1993ರ ಜನವರಿಯಲ್ಲಿ ಅವರಿಗೆ ಹಾಡ್‌ಕಿನ್ಸ್ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮಾರ್ಚ್ 2ರಂದು ಕೊನೆಯ ವಿಕಿರಣ ಚಿಕಿತ್ಸೆ ಪಡೆದ ದಿನವೇ ಅವರು ಕಣಕ್ಕಿಳಿದು ಗೋಲು ಗಳಿಸಿದರು. ಆ ಋತುವಿನಲ್ಲಿ ಕೇವಲ 60 ಪಂದ್ಯಗಳಲ್ಲಿ 160 ಅಂಕ ಗಳಿಸಿ ಲೀಗಿನಲ್ಲಿಯೇ ಅಗ್ರಸ್ಥಾನ ಪಡೆದರು. ಬೆನ್ನುನೋವು ಮತ್ತು ಅನಾರೋಗ್ಯದಿಂದ ಬಳಲಿದ ಅವರು 1997ರಲ್ಲಿ, 31ನೆಯ ವಯಸ್ಸಿನಲ್ಲಿ, ನಿವೃತ್ತರಾದರು.

ಸಾಲದಾತನಾಗಿ

1992ರಲ್ಲಿ ಲೆಮ್ಯೂ ಏಳು ವರ್ಷಗಳಿಗೆ 4.2 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದರು. ಇದರ ಬಹುಭಾಗವನ್ನು ಮುಂದಿನ ವರ್ಷಗಳಲ್ಲಿ ಪಾವತಿಸುವ ಏರ್ಪಾಡಿತ್ತು. ಮುಂದೂಡಿದ ವೇತನವೆಂದರೆ ನೌಕರನು ಮಾಲೀಕನಿಗೆ ಕೊಟ್ಟ ಸಾಲವೇ ಸರಿ. ಅದಕ್ಕೆ ಅಡಮಾನವೂ ಇರುವುದಿಲ್ಲ.

1998ರ ಅಕ್ಟೋಬರ್‌ನಲ್ಲಿ ಪೆಂಗ್ವಿನ್ಸ್ ಸಂಸ್ಥೆಯು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಾಗ ಅದು ಲೆಮ್ಯೂ ಅವರಿಗೆ 3 ಕೋಟಿ ಡಾಲರ್‌ಗಳಿಗೂ ಅಧಿಕ ಮೊತ್ತವನ್ನು ಬಾಕಿ ಉಳಿಸಿಕೊಂಡಿತ್ತು. ಭದ್ರತೆಯಿಲ್ಲದ ಸಾಲದಾತರಲ್ಲಿ ಅವರೇ ದೊಡ್ಡವರು. ತಂಡವು ಮುಚ್ಚಿಹೋಗುವ ಅಥವಾ ಬೇರೆ ನಗರಕ್ಕೆ ವರ್ಗವಾಗುವ ಸಂಭವವಿತ್ತು. ಹಾಗಾದಲ್ಲಿ ಅವರ ಹಣದ ಬಹುಪಾಲು ಕರಗಿಹೋಗುತ್ತಿತ್ತು.

ಅವರು ಮಂಡಿಸಿದ ಯೋಜನೆಯಂತೆ ಬಾಕಿಯಲ್ಲಿ ಸುಮಾರು 2 ಕೋಟಿ ಡಾಲರ್ ಒಡೆತನದ ಪಾಲಾಗಿ ಪರಿವರ್ತನೆಗೊಂಡಿತು. ಕ್ಯಾಲಿಫೋರ್ನಿಯಾದ ಉದ್ಯಮಿ ರಾನ್ ಬರ್ಕಲ್ ಮುಂತಾದ ಹೂಡಿಕೆದಾರರು ಜೊತೆಗೂಡಿದರು. 1999ರ ಜೂನ್‌ನಲ್ಲಿ ನ್ಯಾಯಾಲಯವೂ ಸೆಪ್ಟೆಂಬರ್‌ನಲ್ಲಿ ಲೀಗೂ ಸಮ್ಮತಿ ನೀಡಿದವು.

ಒಡೆಯನಾಗಿ

2000ರ ಡಿಸೆಂಬರ್ 27ರಂದು ಲೆಮ್ಯೂ ಪುನಃ ಆಟಕ್ಕೆ ಮರಳಿ, 33 ಸೆಕೆಂಡುಗಳಲ್ಲಿಯೇ ಸಹ ಆಟಗಾರನ ಗೋಲಿಗೆ ನೆರವಾದರು. ಸಂಸ್ಥೆಯ ಪ್ರಮುಖ ಆಕರ್ಷಣೆಯೂ ಒಡೆಯರೂ ಒಬ್ಬರೇ ಆದರು. ಆದರೂ ಸಂಕಷ್ಟ ತೀರಲಿಲ್ಲ. ವೆಚ್ಚ ತಗ್ಗಿಸುವುದಕ್ಕಾಗಿ 2001ರಲ್ಲಿ ತಾರಾ ಆಟಗಾರ ಯಾರೊಮಿರ್ ಯಾಗರ್ ಅವರನ್ನು ಬಿಟ್ಟುಕೊಡಬೇಕಾಯಿತು. 2005ರಲ್ಲಿ ಲೀಗು ತಂಡಗಳ ವೇತನ ವೆಚ್ಚಕ್ಕೆ ಮಿತಿ ವಿಧಿಸಿದ್ದು ಹಾಗೂ ಅದೇ ವರ್ಷ ಯುವ ಆಟಗಾರ ಸಿಡ್ನಿ ಕ್ರಾಸ್‌ಬಿ ತಂಡಕ್ಕೆ ದೊರೆತದ್ದು ಪರಿಸ್ಥಿತಿಯನ್ನು ಬದಲಿಸಿದವು.

ಹೃದಯ ಬಡಿತದ ತೊಂದರೆಯಿಂದ 2006ರ ಜನವರಿಯಲ್ಲಿ ಲೆಮ್ಯೂ ಅಂತಿಮವಾಗಿ ಆಟ ನಿಲ್ಲಿಸಿದರು. ಒಟ್ಟು 915 ಪಂದ್ಯಗಳಲ್ಲಿ ಅವರ ಗಳಿಕೆ 690 ಗೋಲು, 1,723 ಅಂಕ. ಅದೇ ವರ್ಷ 17.5 ಕೋಟಿ ಡಾಲರ್‌ಗಳಿಗೆ ತಂಡವನ್ನು ಮಾರುವ ಒಪ್ಪಂದವೊಂದು ಮುರಿದುಬಿತ್ತು. 2007ರಲ್ಲಿ ಹೊಸ ಕ್ರೀಡಾಂಗಣದ ಒಪ್ಪಂದವಾಗಿ, 2010ರಲ್ಲಿ ಅದು ತೆರೆಯಿತು. ಅವರ ಒಡೆತನದಲ್ಲಿ ತಂಡವು 2009, 2016 ಮತ್ತು 2017ರಲ್ಲಿ ಕಪ್ ಗೆದ್ದಿತು. 2021ರ ಕೊನೆಯಲ್ಲಿ ನಿಯಂತ್ರಣದ ಪಾಲು ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್‌ಗೆ ಹಸ್ತಾಂತರವಾದಾಗ ತಂಡದ ಮೌಲ್ಯ ಸುಮಾರು 90 ಕೋಟಿ ಡಾಲರ್ ಎಂದು ವರದಿಯಾಯಿತು.

ಗಮನಿಸಬೇಕಾದ ಅಂಶಗಳು

1. ಮುಂದಕ್ಕೆ ಬಿಟ್ಟ ಹಣ, ಅದು ವೇತನವಿರಲಿ, ಸರಕಿನ ಬೆಲೆಯಿರಲಿ, ಭದ್ರತೆಯಿಲ್ಲದ ಸಾಲವೇ. ಒಪ್ಪಂದದ ಮೊತ್ತದಷ್ಟೇ ಕೊಡುವವನ ಶಕ್ತಿಯೂ ಮುಖ್ಯ.

2. ಬಾಕಿಯನ್ನು ಪಾಲಾಗಿಸುವುದು ಎಲ್ಲೆಡೆ ಲಾಭಕರವಲ್ಲ. ಉದ್ಯಮದಲ್ಲಿ ಜೀವವಿದ್ದು, ಅದನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಈ ಮಾರ್ಗ ಉಚಿತ. ಭಾರತದಲ್ಲಿಯೂ 2016ರ ದಿವಾಳಿ ಸಂಹಿತೆಯಡಿ ಪರಿಹಾರ ಯೋಜನೆಯಲ್ಲಿ ಸಾಲವನ್ನು ಷೇರಾಗಿ ಪರಿವರ್ತಿಸಲು ಅವಕಾಶವಿದೆ.

3. ಫಲಕ್ಕಾಗಿ ಕಾಯುವ ತಾಳ್ಮೆ ಅಗತ್ಯ. ಒಡೆತನ ದೊರೆತ 1999ಕ್ಕೂ ಮೊದಲ ಕಪ್ ಬಂದ 2009ಕ್ಕೂ ನಡುವೆ ಹತ್ತು ವರ್ಷಗಳ ಅಂತರವಿದೆ. 2006ರ ಮಾರಾಟ ನಡೆದುಹೋಗಿದ್ದರೆ ಮುಂದಿನ ಮೌಲ್ಯವೃದ್ಧಿಯು ಅನ್ಯರ ಪಾಲಾಗುತ್ತಿತ್ತು.