ಎಣ್ಣೆ ಕ್ಯಾನಿನಲ್ಲಿ ಕೋಳಿಗೆ ನೀರಿಡಬಹುದೇ?

ಪ್ರಶ್ನೆ: ಹಿತ್ತಲಲ್ಲಿ ಎಂಟು ನಾಟಿ ಕೋಳಿ, ಮರಿಗಳು, ಒಂದಷ್ಟು ತರಕಾರಿ ಗಿಡಗಳಿವೆ. ಎಣ್ಣೆ ಕ್ಯಾನು, ಪೇಂಟ್ ಬಕೆಟ್, ಕೀಟನಾಶಕದ ಡಬ್ಬಗಳು ರಾಶಿ ಬಿದ್ದಿವೆ. ಯಾವುದನ್ನು ಬಳಸಬಹುದು? ಮರಿಗಳು ನೀರಿನ ತಟ್ಟೆಗೇ ಇಳಿದು ಗಲೀಜು ಮಾಡುತ್ತವೆ.
– ಓದುಗರು, ತೀರ್ಥಹಳ್ಳಿ

ಪಶುವೈದ್ಯರ ಉತ್ತರ: ಕೀಟನಾಶಕದ ಡಬ್ಬಗಳನ್ನು ಇವತ್ತೇ ಬೇರೆ ಮಾಡಿ. ಎಷ್ಟು ತೊಳೆದರೂ ಅವು ಕೋಳಿಗೂ ಬೇಡ, ತರಕಾರಿಗೂ ಬೇಡ. ಯಾರೂ ಮತ್ತೆ ಬಳಸದಂತೆ ತೂತು ಮಾಡಿಡಿ, ಸುಡಬೇಡಿ. ಪೇಂಟ್ ಬಕೆಟ್ ಹೂವಿನ ಗಿಡಕ್ಕಿರಲಿ.

ನಿಮಗೆ ಬೇಕಾದ್ದು 5 ಲೀಟರ್ ಎಣ್ಣೆ ಕ್ಯಾನು. ಬಿಸಿನೀರು, ಪಾತ್ರೆ ಸೋಪು ಹಾಕಿ ಜಿಡ್ಡು ಬಿಡಿಸಿ. ತಳದಿಂದ ಒಂದು ಇಂಚು ಮೇಲೆ ಕಿರುಬೆರಳು ಗಾತ್ರದ ತೂತು ಕೊರೆದು, ಎರಡು ಇಂಚು ಎತ್ತರದ ಅಂಚಿರುವ ಅಗಲ ತಟ್ಟೆಯಲ್ಲಿ ನಿಲ್ಲಿಸಿ. ತೂತು ಒತ್ತಿ ಹಿಡಿದು ನೀರು ತುಂಬಿ, ಮುಚ್ಚಳ ಬಿಗಿದ ಮೇಲೆ ಬೆರಳು ತೆಗೆಯಿರಿ. ತಟ್ಟೆಯ ನೀರು ತೂತನ್ನು ಮುಚ್ಚಿದೊಡನೆ ಹರಿವು ನಿಲ್ಲುತ್ತದೆ. ನಿಲ್ಲದಿದ್ದರೆ ಮುಚ್ಚಳದಲ್ಲಿ ಗಾಳಿ ಹೋಗುತ್ತಿದೆ ಎಂದರ್ಥ. ಇದನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ, ನೆರಳಲ್ಲಿಡಿ. ಮರಿಗಳಿಗೆ ಬೇರೆ ಚಿಕ್ಕ ತಟ್ಟೆ; ಒಳಗೆ ಬೆಣಚುಕಲ್ಲು ಹಾಕಿದರೆ ಇಳಿಯುವುದಿಲ್ಲ, ಮುಳುಗುವುದಿಲ್ಲ. ಎರಡನ್ನೂ ದಿನಾ ಉಜ್ಜಿ ತೊಳೆಯಿರಿ.

ದೊಡ್ಡ ಕ್ಯಾನನ್ನು ಅಡ್ಡ ಮಲಗಿಸಿ, ಬಾಯಿ ಕೊಯ್ದು ಹುಲ್ಲು ಹಾಸಿದರೆ ಮೊಟ್ಟೆಗೂಡು. ಕೊಯ್ದ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಸಿಕ್ಕಿಸಿ, ಇಲ್ಲವಾದರೆ ಕಾಲು ಗೀರುತ್ತದೆ. ಗಿಡದ ಕುಂಡವಾದರೆ ತಳದಲ್ಲಿ ನಾಲ್ಕೈದು ತೂತು ಸಾಕು. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಪುಡಿ ಉದುರತೊಡಗಿದರೆ ಕೋಳಿಗಳ ಬಳಿಯಿಂದಲೂ ಗಿಡಗಳ ಬಳಿಯಿಂದಲೂ ತೆಗೆದುಬಿಡಿ.

ಇನ್ನು ನೀರಿನ ಗಲೀಜಿನ ವಿಷಯ: ಮರಿಗಳು ರೆಕ್ಕೆ ಜೋಲಿಸಿ ಮುದುಡಿ ಕೂತರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಒದ್ದೆ ನೆಲದಲ್ಲಿ ಬೇಗ ಹಬ್ಬುತ್ತದೆ. ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಹಿಕ್ಕೆಯ ಮಾದರಿಯೊಂದಿಗೆ ಪಶು ಆಸ್ಪತ್ರೆಗೆ ಹೋಗಿ.